ಟ್ರಾಫಿಕ್ ನೋಡಿದರೆ ಭಯ ಆಗುತ್ತೆ, ಸೈಕಲ್‌ನಲ್ಲಿ ಆಫೀಸಿಗೆ ಹೋಗೋದು ಹೇಗೆ?

ಪ್ರಶ್ನೆ: ಮನೆ ಜಯನಗರದಲ್ಲಿ, ಆಫೀಸ್ ರಿಚ್ಮಂಡ್ ಟೌನ್‌ನಲ್ಲಿ. ಆರು ಕಿಲೋಮೀಟರ್ ಆಗಬಹುದು. ಗೇರ್ ಸೈಕಲ್ ಕೊಂಡು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಬಿಟ್ಟರೆ ಹೊರಗೆ ತೆಗೆದಿಲ್ಲ. ಆಫೀಸಿಗೆ ಅದರಲ್ಲೇ ಹೋಗಬೇಕು ಅಂತ ಆಸೆ. ಆದರೆ ಬಸ್ಸು, ಲಾರಿ, ಆಟೋ ನೋಡಿದರೆ ಕೈಕಾಲು ನಡುಗುತ್ತೆ. ಮನೆಯವರೂ ಬೇಡ ಅನ್ನುತ್ತಾರೆ. ಬೆವರು, ಹೊಗೆ ಬೇರೆ. ಬೆಂಗಳೂರಿನಲ್ಲಿ ಇದು ಆಗುವ ಮಾತೇ?

ಆಗುವ ಮಾತು. ಜೋರು ಮಳೆಯ ದಿನಗಳನ್ನು ಬಿಟ್ಟರೆ ಒಂಬತ್ತು ವರ್ಷದಿಂದ ನಾನು ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಲಿಫ್ಟ್‌ನಲ್ಲಿ ನನ್ನ ಕೈಯಲ್ಲಿರುವ ಹೆಲ್ಮೆಟ್ ನೋಡಿ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ: ಅಷ್ಟೊಂದು ಧೈರ್ಯ ಹೇಗೆ ಬಂತು ಅಂತ. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ನೀವಾದರೆ ಯಾವ ದಾರಿಯಲ್ಲಿ ಹೋಗುತ್ತೀರಿ? ಸ್ಕೂಟರ್‌ನಲ್ಲಿ ಹೋಗುವ ದಾರಿಯಲ್ಲೇ, ಅನ್ನುತ್ತಾರೆ. ಭಯ ಹುಟ್ಟುವುದು ಅಲ್ಲೇ. ಆ ದಾರಿಯಲ್ಲಿ ಸೈಕಲ್ ತೆಗೆದುಕೊಂಡು ಹೋಗಲು ನನಗೂ ಭಯವೇ.

ನಿಮ್ಮ ದಾರಿಯನ್ನೇ ತೆಗೆದುಕೊಳ್ಳೋಣ. ಜಯನಗರದಿಂದ ರಿಚ್ಮಂಡ್ ಟೌನ್ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಲಾಲ್‌ಬಾಗ್ ಪಕ್ಕದಿಂದ ಹೋಗಿ ಡಬಲ್ ರೋಡ್ ಹಿಡಿಯುವುದು. ಅಗಲ ರಸ್ತೆ, ಸಿಗ್ನಲ್ ಬಿಟ್ಟ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ನಿಮ್ಮದು ಗಂಟೆಗೆ 15 ಕಿಲೋಮೀಟರ್ ವೇಗ, ಪಕ್ಕದ ಬಸ್ಸಿನದು 40. ಅಪಾಯ ಇರುವುದು ಈ ಅಂತರದಲ್ಲಿ. ಅದರ ಬದಲು ಅಶೋಕ ಪಿಲ್ಲರ್ ಕಡೆಯಿಂದ ಸಿದ್ಧಾಪುರಕ್ಕೆ ಬಂದು, ವಿಲ್ಸನ್ ಗಾರ್ಡನ್ ಒಳರಸ್ತೆಗಳಲ್ಲಿ ನುಸುಳಿ, ಶಾಂತಿನಗರ, ಲ್ಯಾಂಗ್‌ಫರ್ಡ್ ಟೌನ್ ಮೇಲೆ ಹೋಗಿ ನೋಡಿ. ಬೆಳಿಗ್ಗೆ ಎಂಟೂವರೆಗೆ ವಿಲ್ಸನ್ ಗಾರ್ಡನ್‌ನ ಅಡ್ಡರಸ್ತೆಗಳಲ್ಲಿ ಸ್ಕೂಲ್ ವ್ಯಾನ್‌ಗೆ ಕಾಯುವ ಮಕ್ಕಳು, ಸೊಪ್ಪಿನ ಗಾಡಿ, ಇನ್ನೂ ಒಣಗದ ರಂಗೋಲಿ. ಆ ಬೀದಿಯಲ್ಲಿ ಕಾರೂ ನಿಮ್ಮಷ್ಟೇ ವೇಗದಲ್ಲಿ ಹೋಗುತ್ತೆ, ಯಾಕೆಂದರೆ ಅದಕ್ಕೆ ಬೇರೆ ದಾರಿಯಿಲ್ಲ. ಒಂದು ಕಿಲೋಮೀಟರ್ ಜಾಸ್ತಿ ಆಗಬಹುದು. ಐದು ನಿಮಿಷದ ಮಾತು.

ಮೊಬೈಲ್ ಮ್ಯಾಪ್ ಇಂಥ ದಾರಿಯನ್ನು ತಾನಾಗಿ ತೋರಿಸುವುದು ಕಡಿಮೆ. ಅದರ ಲೆಕ್ಕ ಕಾರಿನದು. ಮುಖ್ಯರಸ್ತೆಯನ್ನು ಎಲ್ಲಿ ದಾಟಬೇಕು ಅನ್ನುವುದನ್ನಷ್ಟೇ ಮೊದಲು ಗುರುತು ಮಾಡಿಕೊಳ್ಳಿ. ಸಿಗ್ನಲ್ ಇರುವ ಕಡೆಯೇ ದಾಟಬೇಕು. ಆ ಜಾಗಗಳನ್ನು ಒಳರಸ್ತೆಗಳಿಂದ ಒಂದಕ್ಕೊಂದು ಸೇರಿಸಿ. ದಾರಿ ಅಲ್ಲಿಗೆ ಸಿದ್ಧ.

ಇನ್ನೊಂದು ವಿಷಯ ಮ್ಯಾಪ್‌ನಲ್ಲಿ ಕಾಣುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತೆ: ಏರು. ಬೆಂಗಳೂರು ನಿಂತಿರುವುದು ಒಂದು ದಿಣ್ಣೆಯ ಬೆನ್ನಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿ ಮೂಲಕ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ನದಿಗೆ. ನಡುವೆ ಎಲ್ಲೆಲ್ಲಿ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಇದೆಯೋ, ಎಲ್ಲೆಲ್ಲಿ ಕೆರೆ ಇತ್ತೋ ಅಲ್ಲೆಲ್ಲ ತಗ್ಗು. ಮೆಜೆಸ್ಟಿಕ್ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ನಿಮ್ಮ ದಾರಿಯಲ್ಲಿ ಶಾಂತಿನಗರದ ಹತ್ತಿರ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿಗೆ ಹರಿಯುವ ರಾಜಕಾಲುವೆ ಸಿಗುತ್ತೆ. ಅಂದರೆ ಅಲ್ಲಿವರೆಗೆ ಇಳಿಜಾರು, ಆಮೇಲೆ ರಿಚ್ಮಂಡ್ ಟೌನ್ ಕಡೆಗೆ ಏರು. ಕಾಲುವೆ ದಾಟುವ ಮೊದಲೇ ಗೇರ್ ಇಳಿಸಿಕೊಳ್ಳಿ. ಏರಿನ ನಡುವೆ ಒತ್ತಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಟಕಟ ಅನ್ನುತ್ತೆ, ಒಂದೊಂದು ಸಲ ಕಳಚಿಕೊಳ್ಳುತ್ತೆ.

ವೇಗದ ಲೆಕ್ಕ ಹೇಳಿಬಿಡುತ್ತೇನೆ, ಮನೆಯವರಿಗೆ ಹೇಳಲು ಬೇಕಾಗುತ್ತೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಗರ ಕೇಂದ್ರದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಾಗಿತ್ತು. ಆ ವರ್ಷ ಲಂಡನ್ ಬಿಟ್ಟರೆ ಜಗತ್ತಿನಲ್ಲೇ ನಿಧಾನದ ನಗರ ನಮ್ಮದು. ಆರು ಕಿಲೋಮೀಟರ್‌ಗೆ ಹದಿನೇಳು ಹದಿನೆಂಟು ನಿಮಿಷ ಅಂದ ಹಾಗಾಯಿತು. ಸೈಕಲ್‌ನಲ್ಲಿ ಆರಾಮಾಗಿ ತುಳಿದರೂ ಇಪ್ಪತ್ತೈದು ನಿಮಿಷ. ಕಾರಿನ ಹದಿನೆಂಟು ನಿಮಿಷ ಮಳೆ ಬಂದ ಸಂಜೆ ಐವತ್ತಾಗುತ್ತೆ. ಸೈಕಲ್‌ನ ಇಪ್ಪತ್ತೈದು ಯಾವ ದಿನವೂ ಮೂವತ್ತು ದಾಟುವುದಿಲ್ಲ. ಮನೆಗೆ ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ನಾನು ಹೇಳಿದ ಮಾತು ತಪ್ಪದೆ ನಡೆಯಲು ಶುರುವಾದದ್ದು ಸೈಕಲ್ ಹಿಡಿದ ಮೇಲೆಯೇ.

ಈ ಊರಿಗೆ ಸೈಕಲ್ ಹೊಸದೂ ಅಲ್ಲ. ವಿಮಾನದ ಕಾರ್ಖಾನೆ ಎಚ್‌ಎಎಲ್ ಬಂದದ್ದು 1940ರಲ್ಲಿ, ಟೆಲಿಫೋನಿನ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ 1954ರಲ್ಲಿ. ಆ ಕಾರ್ಖಾನೆಗಳ ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊರಗೆ ಹರಿಯುತ್ತಿದ್ದದ್ದು ಸೈಕಲ್‌ಗಳು. ಕ್ಯಾರಿಯರ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು, ಪ್ಯಾಂಟಿನ ತುದಿಗೆ ಕ್ಲಿಪ್ ಹಾಕಿಕೊಂಡು, ಮಾತಾಡುತ್ತಾ ಮನೆಗೆ ಹೋಗುತ್ತಿದ್ದರು. ಯಾರೂ ಅವರನ್ನು ಧೈರ್ಯವಂತರು ಅನ್ನುತ್ತಿರಲಿಲ್ಲ. ರಸ್ತೆ ಅವರದ್ದಾಗಿತ್ತು, ಅಷ್ಟೇ.

ಆ ರಸ್ತೆಯಲ್ಲಿ ಒಂದು ಪಟ್ಟಿಯನ್ನಾದರೂ ವಾಪಸ್ ಕೊಡುವ ಪ್ರಯತ್ನಗಳು ನಡೆದಿವೆ. ನಿಮ್ಮ ಜಯನಗರದಲ್ಲೇ ಸೈಕಲ್ ಪಥ ಮಾಡಿದ್ದರು, ಅದರ ಮೇಲೆ ಕಾರು ನಿಂತವು. 2020ರಲ್ಲಿ, ಕೋವಿಡ್ ಸಮಯದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್‌ಗೆ ಜಾಗ ಮಾಡಿಕೊಟ್ಟರು. ನಾನು ಅದರಲ್ಲಿ ಓಡಾಡಿದ್ದೇನೆ. ಎಡಕ್ಕೆ ಫುಟ್‌ಪಾತ್, ಬಲಕ್ಕೆ ಸಾಲು ಕಂಬ, ಹಿಂದಿನಿಂದ ಹಾರ್ನ್ ಇಲ್ಲ. ಆಫೀಸ್‌ಗಳು ತೆರೆದು ವಾಹನ ತುಂಬಿದ ಮೇಲೆ ಕಂಬಗಳು ಮುರಿದವು, ಉಳಿದವನ್ನೂ ತೆಗೆದರು. ಅದು ಹೋದದ್ದು ನನಗೆ ಇವತ್ತಿಗೂ ನೋವು. ಕಂಬ ಇದ್ದಾಗ ಹೆಂಗಸರು, ಶಾಲೆಯ ಮಕ್ಕಳು ಅಲ್ಲಿ ಸೈಕಲ್ ತುಳಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಪಥ ಬರುವವರೆಗೆ ಕಾಯಬೇಡಿ. ನಾನು ಕಲಿತದ್ದು ಬೆಳಿಗ್ಗೆ ಆರೂವರೆಗೆ ಡ್ಯೂಟಿ ಮುಗಿಸಿ ಬರುವ ಸೆಕ್ಯೂರಿಟಿ ಗಾರ್ಡ್‌ಗಳನ್ನು ನೋಡಿ. ಪೇಪರ್ ಹಾಕುವವರು, ಹಾಲಿನವರು, ಕಟ್ಟಡ ಕೆಲಸದವರು, ಈ ಊರಿನಲ್ಲಿ ದಿನಾ ಸೈಕಲ್ ತುಳಿಯುವವರಲ್ಲಿ ಬಹಳಷ್ಟು ಜನ ಇವರೇ. ಅವರು ನೆಟ್ಟಗೆ ಕೂತಿರುತ್ತಾರೆ, ಅವಸರ ಮಾಡುವುದಿಲ್ಲ, ಹಾವಿನ ಹಾಗೆ ಅತ್ತಿತ್ತ ಹೋಗುವುದಿಲ್ಲ. ಹಿಂದಿನಿಂದ ಬರುವವನಿಗೆ ಅವರು ಮುಂದಿನ ಕ್ಷಣ ಎಲ್ಲಿರುತ್ತಾರೆ ಅಂತ ಗೊತ್ತಿರುತ್ತೆ. ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಎಡಕ್ಕೆ ಹೋಗಿ, ಆದರೆ ತೀರಾ ಅಂಚಿಗೆ ಹೋಗಬೇಡಿ. ಅಂಚಿನಿಂದ ಒಂದು ಮೀಟರ್ ಬಿಡಿ. ಯಾಕೆ ಅಂತ ನನ್ನ ಮೊಣಕೈಯ ಗಾಯದ ಗುರುತು ಹೇಳುತ್ತೆ. ಮೂರನೇ ವರ್ಷ, ಒಂದು ಸಂಜೆ, ಮಳೆ ಆಗಷ್ಟೇ ನಿಂತಿತ್ತು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು ಅಂತ ಪೂರ್ತಿ ಪಕ್ಕಕ್ಕೆ ಸರಿದೆ. ಅಲ್ಲಿ ಚರಂಡಿಯ ಕಬ್ಬಿಣದ ಜಾಲರಿ. ಅದರ ಸರಳುಗಳು ರಸ್ತೆಗೆ ಅಡ್ಡಲಾಗಿ ಇರಬೇಕಿತ್ತು, ಉದ್ದಕ್ಕೆ ಇದ್ದವು. ಮುಂದಿನ ಚಕ್ರ ಎರಡು ಸರಳಿನ ನಡುವೆ ಇಳಿದು ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಹೂವು ಮಾರುವ ಅಮ್ಮ ಎದ್ದು ಬಂದು, ಹೂವಿಗೆ ಚಿಮುಕಿಸಲು ಇಟ್ಟುಕೊಂಡಿದ್ದ ನೀರಿನಲ್ಲೇ ಕೈ ತೊಳೆದರು. ಅಂದಿನಿಂದ ಹಾರ್ನ್‌ಗೆ ಹೆದರಿ ನಾನು ಅಂಚಿಗೆ ಸರಿಯುವುದಿಲ್ಲ. ಕೈ ತೋರಿಸುತ್ತೇನೆ, ಜಾಗ ನೋಡಿಕೊಂಡು ಸರಿಯುತ್ತೇನೆ. ಡ್ರೈವರ್‌ಗಳು ಕಾಯುತ್ತಾರೆ, ನಿಜವಾಗಿ ಕಾಯುತ್ತಾರೆ.

ಬಸ್ಸು ಸ್ಟಾಪಿಗೆ ಬರುತ್ತಿದ್ದರೆ ಅದರ ಎಡಕ್ಕೆ ಎಂದೂ ನುಗ್ಗಬೇಡಿ. ಬಸ್ಸಿನ ಎಡ ಮಗ್ಗುಲು ಡ್ರೈವರ್‌ಗೆ ಸರಿಯಾಗಿ ಕಾಣುವುದಿಲ್ಲ. ಹಿಂದೆ ನಿಂತು ಜನ ಇಳಿಯುವವರೆಗೆ ಉಸಿರು ತೆಗೆದುಕೊಳ್ಳಿ. ಆಟೋ ಯಾವಾಗ ಪಕ್ಕಕ್ಕೆ ಎಳೆಯುತ್ತೆ ಅಂತ ತಿಳಿಯಲು ಅದರ ಇಂಡಿಕೇಟರ್ ನೋಡುವುದಕ್ಕಿಂತ ಫುಟ್‌ಪಾತ್‌ನಲ್ಲಿ ಕೈ ಚಾಚಿದವರು ಇದ್ದಾರಾ ನೋಡಿ. ನಿಂತ ಕಾರುಗಳ ಸಾಲು ಇದ್ದರೆ ಒಂದು ಬಾಗಿಲಿನಷ್ಟು ದೂರ ಇರಿ. ತಿರುವಿನಲ್ಲಿ ಕಾರಿನ ಮುಂದಿನ ಚಕ್ರದ ಮೇಲೆ ಕಣ್ಣಿಡಿ, ಕಾರು ಎತ್ತ ಹೋಗುತ್ತೆ ಅಂತ ಮೊದಲು ಹೇಳುವುದು ಅದೇ. ಒದ್ದೆ ರಸ್ತೆಯಲ್ಲಿ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ ಎರಡೂ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಬೇಡ, ತಿರುಗಿಸುವುದೂ ಬೇಡ. ಮನೆಯವರ ಸಮಾಧಾನಕ್ಕೆ ಒಳ್ಳೆಯ ಹೆಲ್ಮೆಟ್, ಹಿಂದೆ ಮಿನುಗುವ ಕೆಂಪು ಲೈಟ್, ಮುಂದೆ ಬಿಳಿ ಲೈಟ್ ತನ್ನಿ. ಇದು ಸುಮ್ನೆ ಸಮಾಧಾನಕ್ಕೆ ಮಾತ್ರ ಅಲ್ಲ, ಸಂಜೆ ಆರೂವರೆ ಮೇಲೆ ಲೈಟ್ ಇಲ್ಲದೆ ಹೊರಡಲೇಬೇಡಿ.

ಬೆವರಿನ ಬಗ್ಗೆ ಒಂದು ಗುಟ್ಟಿದೆ. ತುಳಿಯುವಾಗ ಗಾಳಿ ಬೀಸುತ್ತಿರುತ್ತೆ, ಬೆವರು ಬಂದ ಹಾಗೇ ಆರುತ್ತೆ. ನಿಂತ ಕೂಡಲೇ ಗಾಳಿ ನಿಲ್ಲುತ್ತೆ, ಮೈ ಮಾತ್ರ ಇನ್ನೂ ಬಿಸಿಯಾಗಿರುತ್ತೆ. ಅದಕ್ಕೇ ಆಫೀಸಿನ ಮೆಟ್ಟಿಲ ಮೇಲೆ ನೀರು ಸುರಿದ ಹಾಗೆ ಆಗುವುದು. ಕೊನೆಯ ಒಂದು ಕಿಲೋಮೀಟರ್ ನಡೆದಷ್ಟೇ ನಿಧಾನಕ್ಕೆ ತುಳಿಯಿರಿ. ತಲುಪಿ ಹತ್ತು ನಿಮಿಷ ನೆರಳಿನಲ್ಲಿ ನಿಲ್ಲಿ, ಆಮೇಲೆ ಒದ್ದೆ ಟವೆಲ್‌ನಲ್ಲಿ ಒರೆಸಿಕೊಂಡು ಅಂಗಿ ಬದಲಿಸಿ. ಮೊದಲೇ ಬದಲಿಸಿದರೆ ಅದೂ ಒದ್ದೆ. ಬ್ಯಾಗು ಬೆನ್ನಿಗೆ ಬೇಡ, ಕ್ಯಾರಿಯರ್‌ಗೆ ಕಟ್ಟಿ. ಬೆನ್ನಿನ ಬೆವರಿನಲ್ಲಿ ಅರ್ಧ ಬ್ಯಾಗಿನದ್ದೇ. ನವೆಂಬರ್‌ನಿಂದ ಫೆಬ್ರವರಿವರೆಗೆ ಈ ಊರಿನ ಬೆಳಗಿನಲ್ಲಿ ಇದ್ಯಾವುದೂ ಬೇಕಾಗುವುದಿಲ್ಲ.

ಹೊಗೆ ನಿಜವಾದ ಚಿಂತೆ. ತುಳಿಯುವವರು ಜಾಸ್ತಿ ಉಸಿರು ಎಳೆಯುತ್ತಾರೆ, ಹಾಗಾಗಿ ಜಾಸ್ತಿ ಹೊಗೆಯೂ ಒಳಗೆ ಹೋಗುತ್ತೆ. ಇದನ್ನೇ ಅಳೆದ ಒಂದು ಅಧ್ಯಯನವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದರು. ದೆಹಲಿಯಂಥ ಗಾಳಿಯಲ್ಲೂ ವಾರಕ್ಕೆ ಐದು ಗಂಟೆಗಿಂತ ಜಾಸ್ತಿ ತುಳಿದರೆ ಮಾತ್ರ ವ್ಯಾಯಾಮದ ಲಾಭವನ್ನು ಹೊಗೆಯ ಹಾನಿ ಮೀರುತ್ತೆ ಅಂತ ಅವರ ಲೆಕ್ಕ. ನಿಮ್ಮದು ವಾರಕ್ಕೆ ನಾಲ್ಕು ಗಂಟೆ ಚಿಲ್ಲರೆ, ನಮ್ಮ ಗಾಳಿ ದೆಹಲಿಯಷ್ಟು ಕೆಟ್ಟಿಲ್ಲ. ಆಸ್ತಮಾ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಉಳಿದವರಿಗೆ ಇಲ್ಲೂ ಒಳರಸ್ತೆಯೇ ಮದ್ದು. ಬಸ್ಸಿನ ಹಿಂದೆ ನಿಲ್ಲುವುದಕ್ಕೂ ಮಳೆಮರದ ಸಾಲಿನ ಕೆಳಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತೆ.

ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿ. ಎಷ್ಟು ಇರಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ. ಗಾಳಿ ಕಡಿಮೆ ಇದ್ದರೆ ತುಳಿಯುವುದು ಭಾರ, ಗುಂಡಿಗೆ ಬಿದ್ದಾಗ ಟ್ಯೂಬ್ ಕಚ್ಚಿ ಪಂಕ್ಚರ್. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬಕೆಟ್‌ನಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಬೆರಳಿಟ್ಟು, ಟೈರಿನ ಒಳಗೂ ಅದೇ ಜಾಗದಲ್ಲಿ ಬೆರಳಾಡಿಸುತ್ತಾರೆ. ಮುಳ್ಳು ಅಲ್ಲೇ ಉಳಿದಿರುತ್ತೆ. ಅದನ್ನು ತೆಗೆಯದೆ ಪ್ಯಾಚ್ ಹಾಕಿದರೆ ನಾಳೆ ಮತ್ತೆ ಅದೇ ಕಥೆ. ಮುಂದೆ ಮನೆ ಬದಲಾಗಿ ದೂರ ಜಾಸ್ತಿ ಆದರೆ ಮಡಚುವ ಸೈಕಲ್ ಯೋಚನೆ ಮಾಡಬಹುದು, 2022ರಿಂದ ನಮ್ಮ ಮೆಟ್ರೋದಲ್ಲಿ ಅದನ್ನು ತೆಗೆದುಕೊಂಡು ಹೋಗಲು ಬಿಡುತ್ತಾರೆ.

ಈಗ ಶುರು ಮಾಡುವ ವಿಷಯ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಆಫೀಸಿನ ಗೇಟಿನವರೆಗೆ ಹೋಗಿ ಬನ್ನಿ. ಸೈಕಲ್ ಎಲ್ಲಿ ಬೀಗ ಹಾಕಬಹುದು ಅಂತ ಅಲ್ಲಿನ ಗಾರ್ಡನ್ನೇ ಕೇಳಿ. ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಸಾಲದು, ಫ್ರೇಮ್ ಸೇರಿಸಿ ಕಂಬಕ್ಕೆ ಹಾಕಬೇಕು. ವಾಪಸ್ ಬರುವ ದಾರಿ ಬೇರೆ ಇರುತ್ತೆ, ಒನ್‌ವೇಗಳು ಬದಲಾಗುತ್ತವೆ, ಅದನ್ನೂ ಅವತ್ತೇ ನೋಡಿಕೊಳ್ಳಿ. ಆಮೇಲೆ ಬರುವ ಶುಕ್ರವಾರ, ದಿನಕ್ಕಿಂತ ಮುಕ್ಕಾಲು ಗಂಟೆ ಮೊದಲು ಹೊರಡಿ. ವಾರದ ನಡುವಿನ ದಿನಗಳಲ್ಲಿ ಟ್ರಾಫಿಕ್ ಜಾಸ್ತಿ, ಶುಕ್ರವಾರ ಬೆಳಿಗ್ಗೆ ಸ್ವಲ್ಪ ಸಡಿಲ. ಮರುದಿನ ಕಾಲು ನೋವು ಬಂದರೂ ಶನಿವಾರ ಅಲ್ವಾ. ಸಂಜೆ ಸುಸ್ತಾದರೆ, ಕತ್ತಲಾದರೆ, ಮೋಡ ಕಟ್ಟಿದರೆ ಸೈಕಲ್ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬನ್ನಿ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲೇ ಹೋಗಿ, ಸಂಜೆ ಅದನ್ನು ತುಳಿದುಕೊಂಡು ಬಂದರಾಯಿತು.