ರೂಮ್ ಅಕೂಸ್ಟಿಕ್ಸ್ ಅಂದರೇನು? ಹೈ-ಫೈ ಕೇಳುವ ಕೋಣೆಯನ್ನು ತಿದ್ದುವ ಬಗೆ

ಅಂಗಡಿಯ ಡೆಮೊ ರೂಮಿನಲ್ಲಿ ಚೆಂದ ಕೇಳಿಸಿದ ಸ್ಪೀಕರ್ ಮನೆಗೆ ಬಂದ ಮೇಲೆ ಬೇರೆಯದೇ ಆಗಿಬಿಡುತ್ತದೆ. ಬಾಸ್ (ಕೆಳಗಿನ ಸ್ವರಗಳು) ಗುಂಯ್ ಅನ್ನುತ್ತದೆ. ಹಾಡುವವರ ದನಿ ಅದರೊಳಗೆ ಹೂತುಹೋಗುತ್ತದೆ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಕಿವಿಗೆ ಚುಚ್ಚುತ್ತದೆ. ಆಗ ಮೊದಲ ಅನುಮಾನ ಆಂಪ್ಲಿಫೈಯರ್ ಮೇಲೆ, ಆಮೇಲೆ ಕೇಬಲ್ ಮೇಲೆ. ಕೋಣೆಯನ್ನು ಯಾರೂ ಅನುಮಾನಿಸುವುದಿಲ್ಲ. ಅದು ಸುಮ್ನೆ ನಿಂತಿದೆ, ಅಲ್ವಾ?

ಸುಮ್ನೆ ನಿಂತಿಲ್ಲ. ಸ್ಪೀಕರಿನಿಂದ ಹೊರಟ ಶಬ್ದದಲ್ಲಿ ನೇರವಾಗಿ ಕಿವಿಗೆ ಬರುವುದು ಒಂದು ಪಾಲು ಮಾತ್ರ. ಉಳಿದದ್ದು ಗೋಡೆ, ನೆಲ, ಚಾವಣಿ, ಕಿಟಕಿಯ ಗಾಜು, ಬೀರು ಎಲ್ಲಕ್ಕೂ ಬಡಿದು ಸ್ವಲ್ಪ ತಡವಾಗಿ, ಸ್ವಲ್ಪ ಬದಲಾಗಿ ಬರುತ್ತದೆ. ಕೋಣೆ ಶಬ್ದಕ್ಕೆ ಏನೇನು ಮಾಡುತ್ತದೋ ಅಷ್ಟನ್ನೂ ಸೇರಿಸಿ ರೂಮ್ ಅಕೂಸ್ಟಿಕ್ಸ್ ಅನ್ನುತ್ತಾರೆ. ಅದನ್ನು ನಮಗೆ ಬೇಕಾದ ಹಾಗೆ ತಿದ್ದುವುದು ಅಕೂಸ್ಟಿಕ್ ಟ್ರೀಟ್‌ಮೆಂಟ್.

ಇದನ್ನು ಸೌಂಡ್‌ಪ್ರೂಫಿಂಗ್ ಜೊತೆ ಬೆರೆಸಬಾರದು. ಶಬ್ದ ಕೋಣೆಯಿಂದ ಹೊರಗೆ ಹೋಗದಂತೆ, ಒಳಗೆ ಬರದಂತೆ ತಡೆಯುವುದು ಸೌಂಡ್‌ಪ್ರೂಫಿಂಗ್. ಅದಕ್ಕೆ ಭಾರವಾದ ಗೋಡೆ ಬೇಕು, ಸಂದಿಯಿಲ್ಲದ ಬಾಗಿಲು ಬೇಕು. ಗೋಡೆಗೆ ಅಂಟಿಸಿದ ಫೋಮ್ ಪಕ್ಕದ ಮನೆಯವರಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಮೊಟ್ಟೆ ಟ್ರೇಗಳಂತೂ ಎರಡು ಕೆಲಸಕ್ಕೂ ಬಾರವು.

ಕೋಣೆಯ ಶಬ್ದವನ್ನು ಲೆಕ್ಕಕ್ಕೆ ತಂದವರು ವ್ಯಾಲೆಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಪದ 5 ಸೆಕೆಂಡಿಗಿಂತ ಜಾಸ್ತಿ ಹೊತ್ತು ಅಲ್ಲೇ ಸುತ್ತುತ್ತಿತ್ತು. ಅದನ್ನು ಸರಿಮಾಡುವ ಕೆಲಸ ಭೌತಶಾಸ್ತ್ರದ ಈ ಎಳೆಯ ಮೇಷ್ಟ್ರ ತಲೆಗೆ ಬಂತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿದರು. ಒಂದು ಆರ್ಗನ್ ಕೊಳವೆ ಊದಿಸಿ, ದನಿ ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಮೆತ್ತೆ ಹೆಚ್ಚಿದಷ್ಟೂ ಗುಂಗು ಕಡಿಮೆಯಾಯಿತು. ಎಷ್ಟಕ್ಕೆ ಎಷ್ಟು ಅನ್ನುವ ಸೂತ್ರವೂ ಸಿಕ್ಕಿತು. 1900ರಲ್ಲಿ ಬಾಗಿಲು ತೆರೆದ ಬಾಸ್ಟನ್ ಸಿಂಫನಿ ಹಾಲ್ ಅವರ ಲೆಕ್ಕದ ಮೇಲೆ ಕಟ್ಟಿದ್ದು.

ಆ ಸೂತ್ರ ಮನೆಗೂ ಹೊಂದುತ್ತದೆ. ಶಬ್ದ 60 ಡೆಸಿಬೆಲ್ ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದ ಒಂದು ಪಾಲಿಗೆ ಬರಲು, ಹಿಡಿಯುವ ಸಮಯವೇ ರಿವರ್ಬರೇಶನ್ ಟೈಮ್. ಚಿಕ್ಕದಾಗಿ ಆರ್‌ಟಿ60. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಹೀರಿಕೆಗೆ ಸಬೀನ್ ಇಟ್ಟುಕೊಂಡ ಅಳತೆಗೋಲು ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಶಬ್ದ ವಾಪಸ್ ಬರುವುದಿಲ್ಲವಲ್ಲ.

5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಖಾಲಿ ಕೋಣೆ ತೆಗೆದುಕೊಳ್ಳಿ. ಘನ ಅಳತೆ 60 ಘನ ಮೀಟರ್, ಸುತ್ತಲಿನ ಮೈ 94 ಚದರ ಮೀಟರ್. ಗಾರೆ ಗೋಡೆ ತನಗೆ ಬಡಿದ ಶಬ್ದದಲ್ಲಿ ನೂರಕ್ಕೆ 3ರಷ್ಟು ಹೀರುತ್ತದೆ ಅಂತಿಟ್ಟುಕೊಂಡರೆ, ಎಲ್ಲ ಸೇರಿ 3 ಚದರ ಮೀಟರ್ ತೆರೆದ ಕಿಟಕಿಗೂ ಸಮನಾಗುವುದಿಲ್ಲ. ಆರ್‌ಟಿ60 ಸುಮಾರು 3.4 ಸೆಕೆಂಡ್. ಮನೆಯಲ್ಲಿ ಸಂಗೀತ ಕೇಳಲು 0.3ರಿಂದ 0.5 ಸೆಕೆಂಡ್ ಹಿತ. 0.5ಕ್ಕೆ ಇಳಿಯಬೇಕಾದರೂ ಸುಮಾರು 20 ಚದರ ಮೀಟರಿನಷ್ಟು ಹೀರಿಕೆ ಬೇಕು. ಹೆದರಬೇಡಿ. ಸೋಫಾ, ದಪ್ಪ ಕಾರ್ಪೆಟ್, ಮಡಿಕೆ ಮಡಿಕೆಯಾಗಿ ಬಿಟ್ಟ ದಪ್ಪ ಪರದೆ, ಹಾಸಿಗೆ, ಜನ, ಎಲ್ಲ ಸೇರಿ ಒಳ್ಳೆಯ ಪಾಲು ತಂದುಕೊಡುತ್ತವೆ. ಓಡಾಡುವ, ವಾಸ ಮಾಡುವ ಕೋಣೆಗಳು ಎಷ್ಟೋ ಸಲ ಈ ಅಂಕಿಯ ಹತ್ತಿರವೇ ಇರುತ್ತವೆ.

ಹಾಗಾದರೆ ತೊಂದರೆ ಎಲ್ಲಿದೆ? ಬಾಸಿನಲ್ಲಿದೆ. ನಾವು ಹುಡುಕಿಕೊಂಡು ಹೋಗುವ ಮದ್ದುಗಳೆಲ್ಲ ಟ್ರೆಬಲ್‌ಗೆ, ಅಂದರೆ ಮೇಲಿನ ಸ್ವರಗಳಿಗೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 20 ಹರ್ಟ್ಸ್ ಫ್ರೀಕ್ವೆನ್ಸಿಯ, ಅಂದರೆ ಸೆಕೆಂಡಿಗೆ 20 ಸಲ ಕಂಪಿಸುವ, ಬಾಸಿನ ಒಂದು ಅಲೆ 17 ಮೀಟರ್ ಉದ್ದ. 100 ಹರ್ಟ್ಸ್‌ನದು 3.4 ಮೀಟರ್. 1,000 ಹರ್ಟ್ಸ್‌ಗೆ ಬಂದರೆ 34 ಸೆಂಟಿಮೀಟರ್. 20,000ಕ್ಕೆ ಬರೀ 1.7 ಸೆಂಟಿಮೀಟರ್. ಮೇಲಿನ ಸ್ವರಗಳ ಅಲೆ ಕೋಣೆಗಿಂತ ತೀರಾ ಚಿಕ್ಕದು. ಅದು ಬೆಳಕಿನ ಕಿರಣದ ಹಾಗೆ ಗೋಡೆಗೆ ಬಡಿದು ಪುಟಿಯುತ್ತದೆ. ಬಾಸಿನ ಅಲೆ ಕೋಣೆಯಷ್ಟೇ ಅಥವಾ ಅದಕ್ಕಿಂತ ದೊಡ್ಡದು. ಅದು ಕೋಣೆಯನ್ನು ಇಡಿಯಾಗಿ ತುಂಬಿಕೊಳ್ಳುತ್ತದೆ. ಈ ಎರಡು ನಡವಳಿಕೆಗಳ ನಡುವಿನ ಗಡಿಗೆ ಜರ್ಮನಿಯ ಭೌತವಿಜ್ಞಾನಿ ಮಾನ್‌ಫ್ರೆಡ್ ಶ್ರೋಡರ್ ಹೆಸರಿದೆ. ಆರ್‌ಟಿ60ಯನ್ನು ಘನ ಅಳತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 2,000ದಿಂದ ಗುಣಿಸಿದರೆ ಶ್ರೋಡರ್ ಫ್ರೀಕ್ವೆನ್ಸಿ ಬರುತ್ತದೆ. ನಮ್ಮ 60 ಘನ ಮೀಟರ್ ಕೋಣೆಯಲ್ಲಿ ಆರ್‌ಟಿ60 0.4 ಇದ್ದರೆ ಅದು ಸುಮಾರು 160 ಹರ್ಟ್ಸ್. ಅದರ ಕೆಳಗೆ ಸ್ಪೀಕರಿನ ಮಾತಿಗಿಂತ ಕೋಣೆಯ ಮಾತೇ ಜೋರು.

ಅಲ್ಲಿ ನಡೆಯುವುದು ರೂಮ್ ಮೋಡ್. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ಹೋಗಿ ಬಂದು, ಕೆಲವು ಫ್ರೀಕ್ವೆನ್ಸಿಗಳಲ್ಲಿ ತನ್ನ ಮೇಲೆ ತಾನೇ ಸರಿಯಾಗಿ ಕೂರುತ್ತದೆ. ಉಯ್ಯಾಲೆಯನ್ನು ಹದ ನೋಡಿ ಮತ್ತೆ ಮತ್ತೆ ತಳ್ಳಿದಂತೆ ಅದರ ಜೋರು ಏರುತ್ತದೆ. 343ನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಮೋಡ್ ಸಿಗುತ್ತದೆ. 5 ಮೀಟರಿಗೆ 34 ಹರ್ಟ್ಸ್, 4 ಮೀಟರಿಗೆ 43, 3 ಮೀಟರಿಗೆ 57. ಆಮೇಲೆ ಇವುಗಳ ಎರಡರಷ್ಟು, ಮೂರರಷ್ಟು ಹೀಗೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಎಲ್ಲ ಮೋಡ್‌ಗಳೂ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಚೌಕದ ಡಬ್ಬಿಯಂಥ ಕೋಣೆ ಸಂಗೀತಕ್ಕೆ ಎಲ್ಲಕ್ಕಿಂತ ಕೆಟ್ಟದ್ದು ಅನ್ನುವುದು ಇದಕ್ಕೇ.

ಮೋಡ್ ಕೋಣೆಯ ಎಲ್ಲ ಕಡೆ ಒಂದೇ ಥರ ಕೇಳಿಸುವುದಿಲ್ಲ. ಗೋಡೆಯ ಹತ್ತಿರ ಜೋರು. ಮೊದಲ ಮೋಡ್ ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ, ಎರಡನೆಯದು ಅಲ್ಲೇ ಜೋರಾಗುತ್ತದೆ. 5 ಮೀಟರ್ ಉದ್ದದ ಕೋಣೆಯ ನಡುವೆ ಕೂತವರಿಗೆ 34 ಹರ್ಟ್ಸ್ ಸಿಗುವುದೇ ಇಲ್ಲ, 69 ಹರ್ಟ್ಸ್ ಮಾತ್ರ ಬೇಡವೆಂದರೂ ಜಾಸ್ತಿ. ನಾಲ್ಕು ತಂತಿಯ ಬಾಸ್ ಗಿಟಾರಿನ ಸ್ವರಗಳು 41 ಹರ್ಟ್ಸ್‌ನಿಂದ ಶುರುವಾಗುತ್ತವೆ. ನುಡಿಸುವವರು ಒಂದೇ ಸಮ ನುಡಿಸಿದರೂ, 69ರ ಹತ್ತಿರದ ಆ ಒಂದು ಸ್ವರ ಊದಿಕೊಂಡು ಕೇಳಿಸುತ್ತದೆ. ನಿಂತ ಮೇಲೂ ಎಳೆಯುತ್ತದೆ. ಮುಂದಿನ ಸ್ವರ ಅದರಡಿ ಸಿಕ್ಕಿಹಾಕಿಕೊಳ್ಳುತ್ತದೆ. "ಬಾಸ್ ಚೆನ್ನಾಗಿದೆ" ಅಂತ ಹೊಗಳಿಸಿಕೊಳ್ಳುವ ಎಷ್ಟೋ ಸಿಸ್ಟಮ್‌ಗಳಲ್ಲಿ ಕೇಳಿಸುತ್ತಿರುವುದು ಈ ಒಂದೇ ಸ್ವರ.

ಇದಕ್ಕೆ ಮೊದಲ ಮದ್ದು ಪುಕ್ಕಟೆ. ಕುರ್ಚಿ ಸರಿಸಿ. ಹಿಂದಿನ ಗೋಡೆಗೆ ತಲೆ ಒರಗಿಸಿ ಕೂರುವುದು ಬೇಡ, ನಟ್ಟನಡುವೆಯೂ ಬೇಡ. ಗೋಡೆಯಿಂದ ಕೋಣೆಯ ಉದ್ದದ ನೂರಕ್ಕೆ 38ರಷ್ಟು ದೂರ ಅಂತ ಒಂದು ಲೆಕ್ಕ ಓಡಾಡುತ್ತದೆ. ನಮ್ಮ ಕೋಣೆಯಲ್ಲಿ ಅದು 1.9 ಮೀಟರ್. ಅದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ, ಅಲ್ಲಿಂದ ಹುಡುಕಾಟ ಶುರುಮಾಡಿ. ಒಂದು ಅಡಿ ಹಿಂದೆ ಮುಂದೆ ಆದರೂ ಕಿವಿಗೆ ಗೊತ್ತಾಗುತ್ತದೆ.

ಸ್ಪೀಕರಿನ ಜಾಗವೂ ಅಷ್ಟೇ ಮುಖ್ಯ. ಮೂಲೆಗೆ ತಳ್ಳಿದರೆ ಎಲ್ಲ ಮೋಡ್‌ಗಳೂ ಒಟ್ಟಿಗೆ ಏಳುತ್ತವೆ. ಗೋಡೆಯಿಂದ ಸ್ವಲ್ಪ ಮುಂದೆ ತಂದರೆ ಇನ್ನೊಂದು ಕಾಟ. ಸ್ಪೀಕರಿನ ಹಿಂದಕ್ಕೆ ಹೋದ ಬಾಸ್ ಗೋಡೆಗೆ ಬಡಿದು, ನೇರ ಬರುವ ಶಬ್ದಕ್ಕೆ ತದ್ವಿರುದ್ಧವಾಗಿ ಸೇರಿ ಅದನ್ನೇ ಅಳಿಸುತ್ತದೆ. ಗೋಡೆಯ ದೂರ ಅಲೆಯ ಕಾಲುಭಾಗ ಆದಾಗ ಹೀಗಾಗುತ್ತದೆ. 86 ಸೆಂಟಿಮೀಟರ್ ಮುಂದಿದ್ದರೆ 100 ಹರ್ಟ್ಸ್‌ನಲ್ಲಿ, 50 ಸೆಂಟಿಮೀಟರ್ ಇದ್ದರೆ 170ರಲ್ಲಿ ಗುಂಡಿ, ಅಂದರೆ ಅಲ್ಲಿ ಶಬ್ದ ಕುಸಿಯುತ್ತದೆ. ಹಿಂದಿನ ಗೋಡೆ, ಪಕ್ಕದ ಗೋಡೆ ಎರಡಕ್ಕೂ ಒಂದೇ ದೂರ ಇರದಂತೆ ನೋಡಿಕೊಂಡರೆ ಎರಡು ಗುಂಡಿಗಳು ಒಂದೇ ಕಡೆ ಬೀಳುವುದು ತಪ್ಪುತ್ತದೆ. ಸಬ್‌ವೂಫರ್ (ಬಾಸಿಗೆಂದೇ ಇರುವ ಸ್ಪೀಕರ್) ಇರುವವರಿಗೆ ಹಳೆಯ ಉಪಾಯವೊಂದಿದೆ. ಅದನ್ನು ಕೇಳುವ ಕುರ್ಚಿಯ ಜಾಗದಲ್ಲಿ ಇಟ್ಟು ಹಾಡು ಹಾಕಿ, ನೀವು ಗೋಡೆ ಬದಿಯಲ್ಲಿ ಅಂಬೆಗಾಲಿಡುತ್ತಾ ಹೋಗಿ. ಬಾಸ್ ಎಲ್ಲಿ ಸಮನಾಗಿ ಕೇಳಿಸುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಮನೆಯವರು ನಗುತ್ತಾರೆ, ನಗಲಿ. ಎರಡು ಸಬ್‌ವೂಫರ್ ಇಡುವ ಅನುಕೂಲವಿದ್ದರೆ ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಇಟ್ಟು ನೋಡಿ. ಆ ದಿಕ್ಕಿನ ಮೊದಲ ಮೋಡನ್ನು ಅವೆರಡೂ ಸೇರಿ ಅಡಗಿಸುತ್ತವೆ.

ಈಗ ಹೀರಿಕೆಗೆ ಬರೋಣ. ಫೋಮ್, ಗ್ಲಾಸ್ ವುಲ್, ರಾಕ್ ವುಲ್, ಪಾಲಿಯೆಸ್ಟರ್ ಹಲಗೆ ಎಲ್ಲವೂ ಕೆಲಸ ಮಾಡುವುದು ಒಂದೇ ರೀತಿ. ಗಾಳಿ ಅವುಗಳ ಸಣ್ಣ ಸಂದಿಗಳಲ್ಲಿ ಓಡಾಡುವಾಗ ಉಜ್ಜಿ, ಶಬ್ದ ಬಿಸಿಯಾಗಿ ಕರಗುತ್ತದೆ. ಗಾಳಿ ಓಡಾಡಿದರೆ ತಾನೆ ಉಜ್ಜುವುದು? ಗೋಡೆಗೆ ಅಂಟಿಕೊಂಡಲ್ಲಿ ಗಾಳಿ ಅಲುಗುವುದೇ ಇಲ್ಲ. ಅದು ಜೋರಾಗಿ ಅಲುಗುವುದು ಗೋಡೆಯಿಂದ ಅಲೆಯ ಕಾಲುಭಾಗದಷ್ಟು ಮುಂದೆ. 100 ಹರ್ಟ್ಸ್‌ಗೆ ಅದು ಮತ್ತೆ ಅದೇ 86 ಸೆಂಟಿಮೀಟರ್. ಒಂದು ಅಂಗುಲದ ಫೋಮ್ ಅಂಟಿಸಿದರೆ ಸುಮಾರು 1,000 ಹರ್ಟ್ಸ್‌ನ ಮೇಲೆ ಮಾತ್ರ ಹೀರುತ್ತದೆ. ಕೋಣೆ ತುಂಬ ಅಂಟಿಸಿದರೆ? ಮೇಲಿನ ಸ್ವರಗಳ ಜೀವ ಹೋಗುತ್ತದೆ, ಬಾಸ್ ಇದ್ದಂತೆ ಗುಂಯ್ ಅನ್ನುತ್ತಲೇ ಇರುತ್ತದೆ. ಮೊದಲಿಗಿಂತ ಕೆಟ್ಟ ಕೋಣೆ ತಯಾರು. ಅಂಗಡಿಗಳಲ್ಲಿ ಇದೇ ಫೋಮ್ "ಸ್ಟುಡಿಯೋ ಕಿಟ್" ಅಂತ ಮಾರಾಟವಾಗುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಆದ್ದರಿಂದ ದಪ್ಪ ಬೇಕು. 10 ಸೆಂಟಿಮೀಟರ್ ದಪ್ಪದ ರಾಕ್ ವುಲ್ ಹಲಗೆಯನ್ನು ಮರದ ಚೌಕಟ್ಟಿಗೆ ಕೂರಿಸಿ, ಉಸಿರು ಆಡುವಂಥ ಬಟ್ಟೆ ಹೊದಿಸಿ, ಗೋಡೆಯಿಂದ ಇನ್ನೊಂದು 10 ಸೆಂಟಿಮೀಟರ್ ಬಿಟ್ಟು ನಿಲ್ಲಿಸಿ. ಆ ಖಾಲಿ ಜಾಗಕ್ಕೆ ಖರ್ಚಿಲ್ಲ, ಆದರೆ ಹೀರಿಕೆ ಇನ್ನಷ್ಟು ಕೆಳಗಿನ ಸ್ವರಗಳಿಗೆ ಇಳಿಯುತ್ತದೆ. ಬಟ್ಟೆಯ ಮೇಲೆ ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗಬೇಕು, ಪರೀಕ್ಷೆ ಅಷ್ಟೇ. ರಾಕ್ ವುಲ್, ಗ್ಲಾಸ್ ವುಲ್ ಕತ್ತರಿಸುವಾಗ ಮಾಸ್ಕ್, ಕೈಗವಸು ಮರೆಯಬೇಡಿ, ಚರ್ಮಕ್ಕೂ ಗಂಟಲಿಗೂ ತುರಿಕೆ ಬರುತ್ತದೆ.

ಮೊದಲು ಮೂಲೆಗಳಿಗೆ ಹಾಕಿ. ಮೋಡ್‌ಗಳೆಲ್ಲ ಜೋರಾಗಿ ಸೇರುವುದು ಅಲ್ಲೇ. ಮೂಲೆಗೆ ಅಡ್ಡಲಾಗಿ ನಿಂತ ದಪ್ಪ ಹಲಗೆಯ ಹಿಂದೆ ಖಾಲಿ ಜಾಗ ತಾನಾಗಿಯೇ ಸಿಗುತ್ತದೆ. ಇದನ್ನೇ ಬಾಸ್ ಟ್ರ್ಯಾಪ್ ಅನ್ನುವುದು. ನೆಲದಿಂದ ಚಾವಣಿವರೆಗೆ ಇದ್ದರೆ ಒಳ್ಳೆಯದು. ಅದೂ 40, 50 ಹರ್ಟ್ಸ್‌ನ ಮೋಡನ್ನು ಪೂರ್ತಿ ಅಳಿಸುವುದಿಲ್ಲ, ಮೊಂಡು ಮಾಡುತ್ತದೆ. ಒಂದೇ ಫ್ರೀಕ್ವೆನ್ಸಿಗೆ ಹದಮಾಡಿದ ಪೆಟ್ಟಿಗೆಗಳೂ ಇವೆ, ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಅಂತ. ಅಳತೆ ಸ್ವಲ್ಪ ತಪ್ಪಿದರೂ ದಂಡ, ಶುರುವಿನಲ್ಲಿ ಆ ಕಡೆ ಹೋಗುವುದು ಬೇಡ.

ಫಸ್ಟ್ ರಿಫ್ಲೆಕ್ಷನ್ ಅನ್ನುವುದು ಪಕ್ಕದ ಗೋಡೆಗೆ ಒಂದೇ ಸಲ ಬಡಿದು ಬರುವ ಶಬ್ದ. ಅದರ ಜಾಗ ಹುಡುಕಲು ಒಬ್ಬರು ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ. ಕುರ್ಚಿಯಲ್ಲಿ ಕೂತ ನಿಮಗೆ ಎಲ್ಲಿ ಸ್ಪೀಕರ್ ಕಾಣುತ್ತದೋ ಅದೇ ಜಾಗ. ಕೆಲವೇ ಮಿಲಿಸೆಕೆಂಡ್ ತಡವಾಗಿ ಬರುವ ಈ ಶಬ್ದವನ್ನು ಮಿದುಳು ಬೇರೆ ದನಿ ಅಂತ ಎಣಿಸದೆ ಮೊದಲ ದನಿಗೇ ಸೇರಿಸಿಕೊಳ್ಳುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು, ಹಾಸ್ ಎಫೆಕ್ಟ್ ಅನ್ನುವ ಹೆಸರು ಅಲ್ಲಿಂದ. ಇದನ್ನು ಹೀರಿಸಲೇಬೇಕೇ ಅನ್ನುವುದರಲ್ಲಿ ಜಗಳವಿದೆ. ಹೀರಿಸಿದರೆ ಹಾಡುವವರು ನಿಂತ ಜಾಗ ಚೂಪಾಗಿ ಗೊತ್ತಾಗುತ್ತದೆ. ಬಿಟ್ಟರೆ ಸಂಗೀತ ಅಗಲವಾಗಿ ಹರಡುತ್ತದೆ. ಒಳ್ಳೆಯ ಸ್ಪೀಕರ್ ಆದರೆ ಬಹಳ ಜನರಿಗೆ ಆ ಹರವೇ ಇಷ್ಟ ಅನ್ನುತ್ತಾರೆ ಕೆನಡಾದ ಸಂಶೋಧಕ ಫ್ಲಾಯ್ಡ್ ಟೂಲ್. ನನ್ನ ಸಲಹೆ: ಹಾಕಿದರೆ ದಪ್ಪ ಹಲಗೆ ಹಾಕಿ, ಇಲ್ಲವೇ ಹಾಗೇ ಬಿಡಿ. ತೆಳು ಫೋಮ್ ಬೇಡವೇ ಬೇಡ.

ಚಪ್ಪಾಳೆ ತಟ್ಟಿದಾಗ ಟರ್‍ರ್ ಅಂತ ಮರುದನಿ ಬಂದರೆ ಅದು ಫ್ಲಟರ್ ಎಕೊ, ಎದುರುಬದುರಿನ ಬೋಳು ಗೋಡೆಗಳ ಆಟ. ಒಂದು ಗೋಡೆಗೆ ಪುಸ್ತಕದ ಕಪಾಟು ಇಟ್ಟರೂ ಸಾಕು, ಹೋಗುತ್ತದೆ.

ಕೊನೆಗೆ ಈಕ್ವಲೈಜರ್, ಅಂದರೆ ಒಂದೊಂದು ಫ್ರೀಕ್ವೆನ್ಸಿಯ ಜೋರನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ. ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಮತ್ತು ಅಳತೆಗೆಂದೇ ಮಾಡಿದ ಮೈಕ್ ಇದ್ದರೆ ಕೋಣೆಯ ಏರಿಳಿತ ಪರದೆಯ ಮೇಲೆ ಕಾಣುತ್ತದೆ. ಡಿರಾಕ್ ಥರದ ರೂಮ್ ಕರೆಕ್ಷನ್ ಸಾಫ್ಟ್‌ವೇರ್ ತಾನೇ ಅಳೆದು ತಿದ್ದುತ್ತದೆ. ಮೋಡ್ ಎಬ್ಬಿಸಿದ ಗುಡ್ಡವನ್ನು ಇಳಿಸಲು ಇದು ಒಳ್ಳೆಯ ಸಾಧನ. ಗುಂಡಿ ತುಂಬಲು ಅಲ್ಲ. ಅಲ್ಲಿ ಎರಡು ಅಲೆಗಳು ಒಂದನ್ನೊಂದು ಅಳಿಸುತ್ತಿವೆ, ಸ್ಪೀಕರ್ ಜೋರು ಮಾಡಿದರೆ ಎರಡೂ ಜೋರಾಗುತ್ತವೆ, ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಅದೂ ದಂಡಕ್ಕೆ. ಆ ಗುಂಡಿಯಿಂದ ಪಾರಾಗಲು ಕುರ್ಚಿಯನ್ನೋ ಸ್ಪೀಕರನ್ನೋ ಸರಿಸಬೇಕು, ಮತ್ತೆ ಅಳೆಯಬೇಕು.