ಥೀಮ್ ಪಾರ್ಕಿಗೆ ಹೊರಟಾಗ ಯಾವ ಗ್ಯಾಜೆಟ್ ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಬಿಡದಿಯ ವಂಡರ್‌ಲಾಗೆ ಹೋಗಬೇಕೆಂದಿದ್ದೇವೆ. ನಾವಿಬ್ಬರು, ಹನ್ನೊಂದು ಮತ್ತು ಆರು ವರ್ಷದ ಮಕ್ಕಳು, ಜೊತೆಗೆ ಅತ್ತೆ-ಮಾವ. ಮಾವನವರಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಪವರ್ ಬ್ಯಾಂಕ್, ಫೋನಿಗೆ ನೀರು ತಾಗದ ಚೀಲ, ಮಕ್ಕಳಿಗೆ ಜಿಪಿಎಸ್ ವಾಚ್, ವಸ್ತು ಎಲ್ಲಿದೆಯೆಂದು ಫೋನಿನಲ್ಲಿ ತೋರಿಸುವ ಏರ್‌ಟ್ಯಾಗ್, ಮೈಗೆ ಕಟ್ಟಿಕೊಂಡು ಚಿತ್ರೀಕರಿಸುವ ಆಕ್ಷನ್ ಕ್ಯಾಮೆರಾ ಹೀಗೆ ಆನ್‌ಲೈನಿನಲ್ಲಿ ನೋಡಿದ್ದೆಲ್ಲ ಬೇಕೆನಿಸುತ್ತಿದೆ. ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು?

ಉತ್ತರ: ನಿಮ್ಮ ಪಟ್ಟಿಯಲ್ಲಿ ಪವರ್ ಬ್ಯಾಂಕನ್ನೂ ಚೀಲವನ್ನೂ ಕೊಳ್ಳಿ, ಜಿಪಿಎಸ್ ವಾಚನ್ನೂ ಆಕ್ಷನ್ ಕ್ಯಾಮೆರಾವನ್ನೂ ಬಿಡಿ, ಏರ್‌ಟ್ಯಾಗ್ ಈಗಾಗಲೇ ಮನೆಯಲ್ಲಿದ್ದರೆ ಬ್ಯಾಗಿಗೆ ಹಾಕಿ, ಮಗುವಿಗಲ್ಲ. ಹೀಗೆ ಹೇಳಲು ಕಾರಣ ಆ ಜಾಗದ ಸ್ವರೂಪದಲ್ಲೇ ಇದೆ. 2005ರಲ್ಲಿ ಆರಂಭವಾದ ಬಿಡದಿಯ ಈ ಉದ್ಯಾನದಲ್ಲಿ ನೆಲದ ಆಟಗಳಷ್ಟೇ ನೀರಿನ ಆಟಗಳಿಗೂ ಮಹತ್ವವಿದ್ದು, ನೀರಿಗಿಳಿಯಲು ನೈಲಾನ್ ಅಥವಾ ಲೈಕ್ರಾದ ಈಜುಡುಗೆಯನ್ನೇ ಧರಿಸಬೇಕೆಂಬ ನಿಯಮವಿದೆ. ಆ ಉಡುಗೆಗೆ ಸಾಮಾನ್ಯವಾಗಿ ಜೇಬಿರುವುದಿಲ್ಲ. ಹಾಗಾಗಿ ಎಲ್ಲರ ಫೋನುಗಳೂ ಲಾಕರ್ ಸೇರುತ್ತವೆ, ದಿನದ ಹೆಚ್ಚುಕಡಿಮೆ ಅರ್ಧ ಭಾಗ ನಿಮ್ಮ ಕೈಯಲ್ಲಿ ಫೋನೇ ಇರುವುದಿಲ್ಲ. ಜಾಹೀರಾತಿನಲ್ಲಿ ಕಾಣುವ ಬಹುಪಾಲು ಸಾಧನಗಳು ಫೋನು ಸದಾ ಕೈಯಲ್ಲಿದೆ ಎಂದು ನಂಬಿ ತಯಾರಾದವು. ಫೋನು ಕೈಯಲ್ಲಿಲ್ಲದ ಹೊತ್ತಿನಲ್ಲೂ ಕೆಲಸಕ್ಕೆ ಬರುವುದು ಯಾವುದು ಎಂಬುದನ್ನು ಮೊದಲು ಯೋಚಿಸಬೇಕು.

ಇದು ನನಗೆ ಮನದಟ್ಟಾದದ್ದು ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನ ನೀರಾಟದ ತಾಣದಲ್ಲಿ. ನಮ್ಮ ಅಕ್ಕನ ಮಗ, ಆಗ ಏಳು ವರ್ಷದವನು, ವೇವ್ ಪೂಲಿನ ಗದ್ದಲದಲ್ಲಿ ಕಣ್ತಪ್ಪಿದ. ಅವನು ಹೆದರಲಿಲ್ಲ, ಐಸ್‌ಕ್ರೀಮ್ ಅಂಗಡಿಯ ಬಳಿ ನಿಂತಿದ್ದ ಕಾವಲುಗಾರರ ಹತ್ತಿರ ಹೋಗಿ, ಬಾಯಿಪಾಠ ಮಾಡಿಸಿದ್ದ ಅಮ್ಮನ ನಂಬರನ್ನು ಒಂದು ಅಂಕಿಯೂ ತಪ್ಪದೆ ಹೇಳಿದ. ಅವರು ಮೂರು ಸಲ ಕರೆ ಮಾಡಿದರು. ಮೂರು ಸಲವೂ ಫೋನು ಲಾಕರಿನೊಳಗೆ, ಒದ್ದೆ ಟವೆಲಿನ ಅಡಿಯಲ್ಲಿ ಹೊಡೆದುಕೊಂಡು ಸುಮ್ಮನಾಯಿತು. ಆ ಹೊತ್ತಿನಲ್ಲಿ ಅಕ್ಕ ಕೊಳದ ಸುತ್ತ ಅವನ ಹೆಸರು ಕೂಗುತ್ತ ಓಡುತ್ತಿದ್ದಳು. ಧ್ವನಿವರ್ಧಕದಲ್ಲಿ ಹೆಸರು ಕೇಳುವವರೆಗೆ ಕಳೆದ ಇಪ್ಪತ್ತು ನಿಮಿಷಗಳನ್ನು ಅವಳು ಇಂದಿಗೂ ಮರೆತಿಲ್ಲ. ಮಗುವಿಗೆ ಹೇಳಿಕೊಟ್ಟಿದ್ದೆಲ್ಲ ಸರಿಯಾಗಿತ್ತು, ಆ ನಂಬರಿಗೆ ಉತ್ತರಿಸುವವರು ಇರಲಿಲ್ಲ ಅಷ್ಟೆ.

ನಿಮಗೆ ಈ ತೊಂದರೆ ಬರಬೇಕಾಗಿಲ್ಲ, ಏಕೆಂದರೆ ನಿಮ್ಮೊಂದಿಗೆ ಅತ್ತೆ-ಮಾವ ಇರುತ್ತಾರೆ. ಅವರು ನೀರಿಗಿಳಿಯುವವರಲ್ಲದಿದ್ದರೆ, ನೆರಳಿರುವ ಒಂದು ಜಾಗದಲ್ಲಿ ಕುಳಿತ ಮಾವನವರ ಕೈಯಲ್ಲಿ ಚೆನ್ನಾಗಿ ಚಾರ್ಜ್ ಆದ, ಜೋರಾಗಿ ರಿಂಗಾಗುವ ಒಂದು ಫೋನು ಇರಲಿ. ಮನೆಯಲ್ಲಿ ಹಳೆಯ ಕೀಪ್ಯಾಡ್ ಫೋನು ಇದ್ದು ಅದರಲ್ಲಿ ಸಿಮ್ ಚಾಲ್ತಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ, ಒತ್ತಲು ಗುಂಡಿಗಳಿರುವುದರಿಂದ ಹಿರಿಯರಿಗೂ ಸಲೀಸು. ಮಕ್ಕಳ ಮುಂಗೈಯ ಒಳಭಾಗದಲ್ಲಿ ಅಳಿಸದ ಮಾರ್ಕರ್ ಪೆನ್ನಿನಿಂದ ಬರೆಯಬೇಕಾದದ್ದು ಈ ಫೋನಿನ ನಂಬರನ್ನು. ನಿಮ್ಮದನ್ನೂ ನಿಮ್ಮ ಯಜಮಾನರದನ್ನೂ ಅಲ್ಲ. ಸನ್‌ಸ್ಕ್ರೀನ್ ಹಚ್ಚುವ ಮೊದಲೇ ಒಣ ಚರ್ಮದ ಮೇಲೆ ಬರೆದು ಒಂದೆರಡು ನಿಮಿಷ ಒಣಗಲು ಬಿಡಬೇಕು, ಜಿಡ್ಡಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಊಟದ ಹೊತ್ತಿಗೆ ಮಸುಕಾಗಿದ್ದರೆ ಮತ್ತೊಮ್ಮೆ ತಿದ್ದಿ. ಬೆಳಗ್ಗೆ ಗೇಟಿನ ಬಳಿ ಮಕ್ಕಳ ಒಂದು ಫೋಟೋ ತೆಗೆಯಿರಿ. ಈಜುಡುಗೆ ಬದಲಾಯಿಸಿದ ಮೇಲೆ ಇನ್ನೊಂದು ತೆಗೆದು ಅತ್ತೆ-ಮಾವನ ಬಳಿ ಸ್ಮಾರ್ಟ್‌ಫೋನೂ ಇದ್ದರೆ ಅದಕ್ಕೂ ಕಳಿಸಿ. ಗಾಬರಿಯಾದಾಗ ಮಗು ಯಾವ ಬಣ್ಣದ ಬಟ್ಟೆ ಹಾಕಿತ್ತೆಂಬುದು ಹೆತ್ತವರಿಗೂ ನೆನಪಾಗುವುದಿಲ್ಲ. ಸಿಬ್ಬಂದಿಗೆ ತೋರಿಸಲು ಆ ಒಂದು ಚಿತ್ರ ಸಾಕು. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿಗೆ 1098 ಎಂಬುದನ್ನೂ ದೊಡ್ಡ ಮಗುವಿಗೆ ಹೇಳಿಕೊಟ್ಟಿರಿ.

ಏರ್‌ಟ್ಯಾಗಿನ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ತಿಳಿವಳಿಕೆಯಿದೆ. 2021ರಲ್ಲಿ ಬಂದ ಈ ಬಿಲ್ಲೆಯಲ್ಲಿ ಜಿಪಿಎಸ್ ಇಲ್ಲ. ಅದು ಬ್ಲೂಟೂತ್ ಮೂಲಕ ತನ್ನ ಗುರುತನ್ನು ಸಾರುತ್ತಿರುತ್ತದೆ. ಹತ್ತಿರದಲ್ಲಿರುವ ಯಾರದೋ ಐಫೋನು ಅದನ್ನು ಕೇಳಿಸಿಕೊಂಡು ಸ್ಥಳವನ್ನು ಆ್ಯಪಲ್ ಜಾಲಕ್ಕೆ ತಿಳಿಸುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಜಾಲದಲ್ಲಿ ಕೆಲಸ ಮಾಡುವ ಬಿಲ್ಲೆಗಳ ವಿಧಾನವೂ ಇದೇ. ಕೊಳದ ಸುತ್ತ ಎಲ್ಲರ ಫೋನುಗಳೂ ಲಾಕರಿನಲ್ಲಿರುವಾಗ ಸುದ್ದಿ ಮುಟ್ಟಿಸುವವರೇ ಕಡಿಮೆ. ಬ್ಲೂಟೂತ್ ಅಲೆಯನ್ನು ನೀರು ಹೀರಿಕೊಳ್ಳುವುದರಿಂದ ಮುಳುಗಿದ ಬಿಲ್ಲೆ ಮೂಕವಾಗುತ್ತದೆ. ಅಂದರೆ ಮಗು ಎಲ್ಲಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೋ ಅಲ್ಲೇ ಅದು ಕೈಕೊಡುತ್ತದೆ. ಇದು ವಸ್ತುಗಳಿಗಾಗಿ ಮಾಡಿದ್ದೇ ಹೊರತು ಮಕ್ಕಳಿಗಲ್ಲ ಎಂದು ತಯಾರಕರೇ ಹೇಳುತ್ತಾರೆ. ಒಳಗಿರುವ ಸಿಆರ್2032 ನಾಣ್ಯದಾಕಾರದ ಬ್ಯಾಟರಿಯನ್ನು ಚಿಕ್ಕ ಮಕ್ಕಳು ನುಂಗಿದರೆ ಅನ್ನನಾಳ ಸುಟ್ಟುಹೋಗುವಷ್ಟು ಅಪಾಯವಿದೆ ಎಂಬುದನ್ನೂ ಮರೆಯಬಾರದು. ಸಿಮ್ ಹಾಕುವ ಜಿಪಿಎಸ್ ವಾಚಿಗೂ ನೀರಿನಡಿ ಸಿಗ್ನಲ್ ಸಿಗುವುದಿಲ್ಲ, ರಭಸದ ಆಟಗಳಲ್ಲಿ ಅದನ್ನು ಬಿಚ್ಚಿಡಲು ಹೇಳುತ್ತಾರೆ. ಒಂದು ದಿನದ ಪ್ರವಾಸಕ್ಕಾಗಿ ಸಾವಿರಾರು ರೂಪಾಯಿ ಅದಕ್ಕೆ ಸುರಿಯಬೇಡಿ.

ಇನ್ನು ಫೋನಿನ ಚೀಲ. "ನಮ್ಮದು ಐಪಿ68 ಫೋನು, ಚೀಲ ಏಕೆ?" ಎಂದು ಕೇಳುವವರಿದ್ದಾರೆ. ಐಪಿ ಎಂಬುದು ಧೂಳು, ನೀರು ಒಳನುಗ್ಗದಂತೆ ತಡೆಯುವ ಶಕ್ತಿಯ ಗುರುತು. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ನೀರು ಒಳಹೋಗದು ಎಂದರ್ಥ. ಐಪಿ68ರಲ್ಲಿ ಅದಕ್ಕಿಂತ ಹೆಚ್ಚಿನ ಆಳವನ್ನು ತಯಾರಕರು ನಿಗದಿ ಮಾಡುತ್ತಾರೆ. ಈ ಪರೀಕ್ಷೆ ನಡೆಯುವುದು ಅಲುಗಾಡದ ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ಜಾರುಬಂಡೆಯ ತುದಿಯಲ್ಲಿ ರಭಸದಿಂದ ಬಡಿಯುವ ಕ್ಲೋರಿನ್ ಬೆರೆತ ನೀರಿಗೆ ಆ ಭರವಸೆ ಅನ್ವಯಿಸುವುದಿಲ್ಲ. ಎರಡು ಮೂರು ವರ್ಷ ಬಳಸಿದ, ಒಮ್ಮೆ ಬಿದ್ದು ಪರದೆ ಬದಲಾಯಿಸಿದ ಫೋನಿನ ಅಂಚಿನ ಅಂಟು ಮೊದಲಿನಂತೆ ಇರುವುದೂ ಇಲ್ಲ. ಆದ್ದರಿಂದ ಚೀಲ ಬೇಕು, ಆದರೆ ಅದನ್ನು ನಂಬುವ ಮೊದಲು ಮನೆಯಲ್ಲೇ ಪರೀಕ್ಷಿಸಬೇಕು. ಒಳಗೆ ಫೋನಿನ ಬದಲು ಮಡಿಸಿದ ಟಿಶ್ಯೂ ಕಾಗದ ಇಟ್ಟು, ಕ್ಲಿಪ್ ಬಿಗಿದು, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಮೇಲೆ ಒಂದು ಲೋಟ ಭಾರವಿಟ್ಟರೆ ತೇಲುವುದಿಲ್ಲ. ಮೂಲೆಯಿಂದ ಸೂಜಿಮೊನೆಯಂಥ ಗುಳ್ಳೆಗಳು ಸಾಲಾಗಿ ಏಳುತ್ತಿವೆಯೇ ಎಂದು ಕಣ್ಣಿಟ್ಟು ನೋಡಿ. ಕ್ಲಿಪ್ಪಿನ ನಡುವೆ ಒಂದು ಕೂದಲೆಳೆಯೋ ಮರಳಿನ ಕಣವೋ ಸಿಕ್ಕಿದ್ದರೂ ಅಲ್ಲಿಂದ ನೀರು ದಾರಿ ಮಾಡಿಕೊಳ್ಳುತ್ತದೆ. ಹೊರತೆಗೆದು ಚೀಲವನ್ನು ಪೂರ್ತಿ ಒರೆಸಿದ ಮೇಲೆಯೇ ಬಿಚ್ಚಿ ಕಾಗದವನ್ನು ಮುಟ್ಟಿ ನೋಡಬೇಕು, ಇಲ್ಲದಿದ್ದರೆ ಹೊರಗಿನ ಹನಿಯೇ ಒಳಗೆ ಬಿದ್ದು ತಪ್ಪು ತೀರ್ಪು ಕೊಡುತ್ತದೆ. ನೀರಿನಡಿ ಟಚ್ ಸ್ಕ್ರೀನ್ ಕೆಲಸ ಮಾಡದು. ಧ್ವನಿ ಹೆಚ್ಚಿಸುವ ಗುಂಡಿಯನ್ನು ಒತ್ತಿ ಫೋಟೋ ತೆಗೆಯುವುದನ್ನು ಮೊದಲೇ ರೂಢಿ ಮಾಡಿಕೊಳ್ಳಿ. ಇಂಥ ಚೀಲವನ್ನು ನಿಧಾನವಾಗಿ ಹರಿಯುವ ನೀರಿನಲ್ಲಿ, ಚಿಕ್ಕ ಮಕ್ಕಳ ಕೊಳದ ಬದಿಯಲ್ಲಿ ಬಳಸಿ. ಎತ್ತರದ ಜಾರುಬಂಡೆಗೆ ಕೊರಳಲ್ಲಿ ದಾರ ನೇತುಹಾಕಿಕೊಂಡು ಹೋಗುವುದು ಕೊರಳಿಗೇ ಅಪಾಯ, ಅಲ್ಲಿನ ಸಿಬ್ಬಂದಿ ಅದನ್ನು ತಡೆದರೆ ದಯವಿಟ್ಟು ವಾದಿಸಬೇಡಿ. ಆಕ್ಷನ್ ಕ್ಯಾಮೆರಾ ಬೇಡವೆಂದದ್ದಕ್ಕೂ ಇದೇ ಕಾರಣ.

ಪವರ್ ಬ್ಯಾಂಕ್ 10,000 ಎಂಎಎಚ್‌ನದು ಸಾಕು. ಎಂಎಎಚ್ ಎಂದರೆ ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ. ಆದರೆ ಆ ಅಂಕಿ ಒಳಗಿನ ಕೋಶದ ಸುಮಾರು 3.7 ವೋಲ್ಟಿನ ಲೆಕ್ಕ. ಫೋನಿಗೆ ಅದು 5 ವೋಲ್ಟಿಗೆ ಏರಿ ಬರಬೇಕಾದ್ದರಿಂದಲೂ ದಾರಿಯಲ್ಲಿ ಒಂದಿಷ್ಟು ಶಾಖವಾಗಿ ಸೋರಿಹೋಗುವುದರಿಂದಲೂ ಕೈಗೆ ಸಿಗುವುದು ಸುಮಾರು 6,000 ಮಾತ್ರ. ಒಳ್ಳೆಯ ತಯಾರಕರು ಈ ನಿಜವಾದ ಅಂಕಿಯನ್ನೂ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. 5,000 ಎಂಎಎಚ್ ಫೋನು ಒಂದು ಸಲ ಪೂರ್ತಿ ತುಂಬಿ ಸ್ವಲ್ಪ ಉಳಿಯುತ್ತದೆ, ಒಂದು ದಿನಕ್ಕೆ ಅಷ್ಟು ಧಾರಾಳ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು ಇಲ್ಲದ ಅಗ್ಗದ ಮಾಲು ಬೇಡ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇದನ್ನು ಬಿಟ್ಟುಹೋಗಬಾರದು. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. ಅದು ಮಾವನವರ ಕೈಚೀಲದಲ್ಲಿರಲಿ.

ಹಣ ಮತ್ತು ಟಿಕೆಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಕೆಟಿನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜನಜಂಗುಳಿಯಲ್ಲಿ ಇಂಟರ್‌ನೆಟ್ ನಿಧಾನವಾಗುವುದುಂಟು. ಯುಪಿಐ ಲೈಟ್‌ನಲ್ಲಿ ಸ್ವಲ್ಪ ಹಣ ಹಾಕಿಟ್ಟರೆ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಒತ್ತದೆ ಪಾವತಿಸಬಹುದು, ಒದ್ದೆ ಬೆರಳಿಗೆ ಇದು ಅನುಕೂಲ. ನಗದೂ ಸ್ವಲ್ಪ ಇರಲಿ.

ನಿಮ್ಮ ಪಟ್ಟಿಯಲ್ಲಿಲ್ಲದ, ಆದರೆ ನಾನು ಖಂಡಿತ ಸೇರಿಸುವ ಒಂದು ವಸ್ತು ದರ್ಜಿಯ ಅಳತೆ ಟೇಪು. ಅಲ್ಲಿ ಮಕ್ಕಳ ಟಿಕೆಟಿಗೂ ಆಟಗಳ ಪ್ರವೇಶಕ್ಕೂ ನೋಡುವುದು ಎತ್ತರವನ್ನು. ಹಿಂದಿನ ದಿನವೇ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಅಳೆದು, ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂಬುದನ್ನು ಉದ್ಯಾನದ ವೆಬ್‌ಸೈಟಿನಲ್ಲಿ ಮಕ್ಕಳ ಜೊತೆ ಕುಳಿತು ನೋಡಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಆರು ವರ್ಷದ ಮಗುವನ್ನು ಬಾಗಿಲಿನಲ್ಲಿ ವಾಪಸು ಕಳಿಸುವಾಗ ಅದರ ಮುಖ ನೋಡಲಾಗುವುದಿಲ್ಲ.

ಮಾವನವರ ಇನ್ಸುಲಿನ್ನಿಗೆ ನೀರಿನಲ್ಲಿ ನೆನೆಸಿ ಬಳಸುವ ಚೀಲಗಳು ಸಿಗುತ್ತವೆ. ಅದರೊಳಗಿನ ಹರಳುಗಳು ನೀರು ಕುಡಿದು ಉಬ್ಬಿ, ಆ ನೀರು ಆರುತ್ತ ಹೋದಂತೆ ಮಣ್ಣಿನ ಹೂಜಿಯ ಹಾಗೆ ಒಳಗನ್ನು ತಂಪಾಗಿಡುತ್ತವೆ. ಗಾಳಿಯಾಡುವ ಕಡೆ ಇಟ್ಟರೆ ಮಾತ್ರ ಇದು ಕೆಲಸ ಮಾಡುತ್ತದೆ, ಜಿಪ್ ಹಾಕಿದ ಬ್ಯಾಗಿನ ತಳದಲ್ಲಿ ಅಲ್ಲ. ಐಸ್ ತುಂಡಿಗೆ ನೇರವಾಗಿ ತಾಗಿಸಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆ. ಎಷ್ಟು ಡಿಗ್ರಿಯೊಳಗೆ ಇಡಬೇಕೆಂದು ಅದರ ಪೆಟ್ಟಿಗೆಯಲ್ಲಿನ ಚೀಟಿಯಲ್ಲಿದೆ, ವೈದ್ಯರನ್ನೂ ಒಮ್ಮೆ ಕೇಳಿ. ಅತ್ತೆಯವರೋ ಮಾವನವರೋ ಶ್ರವಣಯಂತ್ರ ಹಾಕುವವರಾದರೆ ನೀರು ಎರಚುವ ಕಡೆ ಹೋಗುವ ಮೊದಲು ತೆಗೆದು ಒಣ ಡಬ್ಬಿಯಲ್ಲಿಡಿ.

ಸಂಜೆ ಕಾರಿನಲ್ಲಿ ಕುಳಿತ ಕೂಡಲೇ ಫೋನಿಗೆ ಚಾರ್ಜರ್ ಚುಚ್ಚುವ ಅಭ್ಯಾಸ ಎಲ್ಲರಿಗೂ ಇದೆ. ಅಂದು ಮಾತ್ರ ಬೇಡ. ಕಿಂಡಿಯಲ್ಲಿ ತೇವ ಉಳಿದಿದ್ದರೆ ವಿದ್ಯುತ್ ಹರಿದಾಗ ಅದರ ಲೋಹದ ತುದಿಗಳು ಕೊರೆದು ಹಾಳಾಗುತ್ತವೆ. ಕಿಂಡಿ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಗೆ ಒಡ್ಡಿ ಇಡಿ. ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ, ಅಕ್ಕಿಯ ನುಚ್ಚೂ ಧೂಳೂ ಆ ಕಿಂಡಿಗೇ ಸೇರಿಕೊಳ್ಳುತ್ತವೆ. ಪೂರ್ತಿ ಒಣಗಿತೆಂದು ಖಚಿತವಾದ ಮೇಲೆ, ಮನೆಗೆ ಬಂದು ರಾತ್ರಿ ಚಾರ್ಜಿಗೆ ಹಾಕಿದರಾಯಿತು.