ರಜೆಗೆ ಬಂದವ ಮನೆಯಲ್ಲೇ ನಿಂತರೆ

ಮಳೆಗಾಲದ ಒಂದು ದಿನ ಬದಿಯಡ್ಕ ಕಡೆಯ ತಾಯಿಯೊಬ್ಬರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಪೊಲೀಸರು ಕೊಟ್ಟ ಚೀಟಿ. ಅದು ಮಲಯಾಳದಲ್ಲಿತ್ತು, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಕಾಸರಗೋಡಿನಲ್ಲಿ ಇದೇನೂ ಹೊಸತಲ್ಲ ಬಿಡಿ. ನಾನೇ ಓದಿ ಹೇಳಿದೆ: ಸೈನ್ಯದಲ್ಲಿರುವ ಮಗನನ್ನು ಹಿಡಿದು ಒಪ್ಪಿಸಲು ಯೂನಿಟ್‌ನಿಂದ ಸ್ಟೇಷನ್ನಿಗೆ ಪತ್ರ ಬಂದಿದೆ.

"ಅವ ಓಡಿ ಬಂದದ್ದಲ್ಲ ವಕೀಲರೇ, ರಜೆಯಲ್ಲಿ ಬಂದವ ನಿಂತದ್ದು. ಅಪ್ಪನಿಗೆ ಹುಷಾರಿಲ್ಲ, ಅಡಿಕೆಗೆ ಮದ್ದು ಬಿಡ್ಲಿಕ್ಕೂ ಜನ ಇಲ್ಲ."

ಓಡಿದ್ದು ಬೇರೆ, ನಿಂತದ್ದು ಬೇರೆ. 1950ರ ಸೇನಾ ಕಾಯ್ದೆ ಹೇಳುವುದೂ ಇದನ್ನೇ. ಸರಿಯಾದ ಕಾರಣ ಇಲ್ಲದೆ ರಜೆ ಮೀರಿ ಉಳಿದರೆ ಸೆಕ್ಷನ್ 39, ಹೆಚ್ಚೆಂದರೆ 3 ವರ್ಷ ಜೈಲು. ಓಡಿಹೋದರೆ ಸೆಕ್ಷನ್ 38, 7 ವರ್ಷದವರೆಗೆ. ಆಕ್ಟಿವ್ ಸರ್ವಿಸ್‌ನಲ್ಲಿ, ಅಂದರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಕೆಲಸದಲ್ಲಿದ್ದು ಓಡಿದರೆ ಮರಣದಂಡನೆಗೂ ಅವಕಾಶವಿದೆ. ಇನ್ನು ವಾಪಸ್ ಹೋಗುವುದೇ ಇಲ್ಲ ಎಂಬ ಮನಸ್ಸಿತ್ತೇ? ಎಲ್ಲ ನಿಂತಿರುವುದು ಇದರ ಮೇಲೆ. ಮನಸ್ಸು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ನಡತೆ ನೋಡುತ್ತಾರೆ. ಯೂನಿಟ್‌ಗೆ ಫೋನ್ ಮಾಡಿದ್ದನೇ, ಇಲ್ಲ ಗಲ್ಫಿನ ವೀಸಾಕ್ಕೆ ಓಡಾಡುತ್ತಿದ್ದನೇ? ಇಂಥದ್ದು.

30 ದಿನ ಕಳೆದರೆ ಯೂನಿಟ್‌ನಲ್ಲಿ ವಿಚಾರಣೆ ಮಾಡಿ ಗೈರುಹಾಜರಿಯನ್ನು ಬರೆದಿಡುತ್ತಾರೆ. ಆಮೇಲೂ ಬಾರದವನು ಕಾಗದದಲ್ಲಿ ಓಡಿಹೋದವನೇ. ಇವರ ಮಗನ ರಜೆ ಮುಗಿದು ಅಂದಿಗೆ 22 ದಿನ.

"ಪೊಲೀಸರು ಬಂದ್ರೆ ಮನೆಯಲ್ಲಿಲ್ಲ ಹೇಳ್ಬಹುದಾ?" ಎಂದು ತಾಯಿ ಮೆಲ್ಲಗೆ ಕೇಳಿದರು. ಬೇಡಮ್ಮ ಎಂದೆ. ಓಡಿಬಂದವನೆಂದು ಗೊತ್ತಿದ್ದೂ ಅಡಗಿಸಿಟ್ಟರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 2 ವರ್ಷದವರೆಗೆ ಶಿಕ್ಷೆಯಿದೆ. ಹೆಂಡತಿ ಅಡಗಿಸಿದರೆ ತಪ್ಪಲ್ಲ, ಕಾನೂನೇ ವಿನಾಯಿತಿ ಕೊಟ್ಟಿದೆ. ತಾಯಿಗೆ ಅದಿಲ್ಲ. ಇದು ಯಾವ ನ್ಯಾಯವೋ, ನನಗಂತೂ ಇನ್ನೂ ಅರ್ಥವಾಗಿಲ್ಲ.

ತಾನಾಗಿ ವಾಪಸ್ ಹೋದ ಜವಾನನ ಇಂಥ ತಪ್ಪು ಕೋರ್ಟ್ ಮಾರ್ಷಲ್‌ವರೆಗೆ ಹೋಗದೆ ಕಮಾಂಡಿಂಗ್ ಆಫೀಸರ ಮುಂದೆಯೇ ಮುಗಿಯಬಹುದು. ಅವರು 28 ದಿನದವರೆಗೆ ಬಂಧನದಲ್ಲಿಡಬಹುದು, ಲೈನ್ (ಜವಾನರ ವಸತಿ) ಬಿಟ್ಟು ಹೋಗದಂತೆ ತಡೆಯಬಹುದು. ಗೈರಾದ ದಿನಗಳ ಸಂಬಳವೂ ಹೋಗುತ್ತದೆ. ಹುಡುಗರಿಗೆ ಜಾಸ್ತಿ ಹೆದರಿಕೆ ದಾಖಲೆಯ ಕೆಂಪು ಶಾಯಿಯದು, ಅಂದರೆ ದೊಡ್ಡ ಶಿಕ್ಷೆಯನ್ನು ಕೆಂಪಿನಲ್ಲಿ ಬರೆದಿಡುವ ನಮೂದಿನದು. ಅಂಥ ನಾಲ್ಕು ಬಿದ್ದರೆ ಮನೆಗೇ ಎಂಬ ಮಾತಿದೆ. ಆದರೆ ಆ ಲೆಕ್ಕವೊಂದರಿಂದಲೇ ಹೊರಹಾಕುವಂತಿಲ್ಲ, ವಿಚಾರಣೆ ಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಮರುದಿನ ಮಗನೇ ಬಂದ. ಅಪ್ಪನ ಆಸ್ಪತ್ರೆ ಚೀಟಿ, ರಜೆ ಮುಂದುವರಿಸಲು ಕೇಳಿ ಕಳಿಸಿದ್ದ ವಾಟ್ಸಾಪ್ ಮೆಸೇಜು, ಎಲ್ಲದರ ಪ್ರಿಂಟ್ ತೆಗೆಸಿ ಫೈಲು ಮಾಡಿಕೊಟ್ಟೆ. ಸ್ಟೇಷನ್ನಿಗೂ ತಿಳಿಸಿ ರಾತ್ರಿಯ ರೈಲಿಗೇ ಹೊರಟ. ಅಡಿಕೆಗೆ ಮದ್ದು ಬಿಡಲು ಕೊನೆಗೆ ಪಕ್ಕದ ಮನೆಯವರು ಬಂದರಂತೆ.